"ಎಂಟು ದೊಡ್ಡದಲ್ವಾ, ಮೇಡಂ?"

ಶಿಕ್ಷಕರ ತರಗತಿಯಲ್ಲಿ ಕೂತು ಪಾಠ ನೋಡುವುದು, ಆಮೇಲೆ ಅವರ ಜೊತೆ ಅದರ ಬಗ್ಗೆ ಮಾತಾಡುವುದು ನನ್ನ ಕೆಲಸ. ಕೋಚ್ ಅಂತ ಕರೆಯುತ್ತಾರೆ. ಮೊದಮೊದಲು ಯಾರನ್ನೇ ಭೇಟಿಯಾದರೂ ನಾನು ಕೇಳುತ್ತಿದ್ದದ್ದು ಒಂದೇ: "ಇವತ್ತು ಯಾವ ಆ್ಯಪ್ ನೋಡೋಣ?" ಒಂದು ಭಿನ್ನರಾಶಿ ಪಾಠ ಆ ಪ್ರಶ್ನೆ ಕೇಳುವುದನ್ನೇ ಬಿಡಿಸಿತು.

ಗಣಿತ ಕಲಿಸುವ ಒಬ್ಬ ಶಿಕ್ಷಕಿಗೆ ಕ್ವಿಜ್ ಆ್ಯಪ್ ಹೇಳಿಕೊಟ್ಟಿದ್ದೆ. ಲಾಗಿನ್ ಆಗುವುದು, ಪ್ರಶ್ನೆ ಹಾಕುವುದು, ಅಂಕ ನೋಡುವುದು, ಎಲ್ಲವನ್ನೂ ಅವರು ಬೇಗ ಕಲಿತರು. ಪಾಠದ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎರಡರಲ್ಲಿ ಯಾವುದು ದೊಡ್ಡದು? 1/2, 3/4. 1/4, 3/5. 2/3, 5/6. ಮಕ್ಕಳು ಪಟಪಟ ಒತ್ತಿದರು. ಪರದೆ ತುಂಬಾ ಹಸಿರು. ಶಿಕ್ಷಕಿ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ.

ಪಕ್ಕದಲ್ಲಿದ್ದ ಹುಡುಗನನ್ನು ಸುಮ್ನೆ ಕೇಳಿದೆ, "1/6, 1/8, ಇದರಲ್ಲಿ ಯಾವುದು ದೊಡ್ಡದು?"

"1/8. ಎಂಟು ದೊಡ್ಡದಲ್ವಾ, ಮೇಡಂ?"

ಅವನ ಮುಂದೆ ಕೂತಿದ್ದ ಹುಡುಗಿಯೂ ಅದನ್ನೇ ಹೇಳಿದಳು. ಆಗ ಕ್ವಿಜ್ ಪ್ರಶ್ನೆಗಳನ್ನು ಮತ್ತೊಮ್ಮೆ ನೋಡಿದೆ. ಪ್ರತಿ ಜೋಡಿಯಲ್ಲೂ ದೊಡ್ಡ ಭಿನ್ನರಾಶಿಗೆ ಮೇಲೂ ಕೆಳಗೂ ದೊಡ್ಡ ಅಂಕಿಯೇ ಇತ್ತು. ಭಿನ್ನರಾಶಿ ಏನೆಂದೇ ಗೊತ್ತಿಲ್ಲದ ಮಗು ಕೂಡ ಬರೀ ಅಂಕಿ ನೋಡಿ ಎಲ್ಲವನ್ನೂ ಸರಿ ಮಾಡಬಹುದಿತ್ತು. ಪೂರ್ಣ ಸಂಖ್ಯೆಯ ಲೆಕ್ಕವನ್ನೇ ಭಿನ್ನರಾಶಿಗೂ ಹಚ್ಚುವುದು ಮಕ್ಕಳಲ್ಲಿ ತುಂಬಾ ಸಾಮಾನ್ಯ. ನಮ್ಮ ಕ್ವಿಜ್ ಆ ತಪ್ಪಿಗೇ ಅಂಕ ಕೊಟ್ಟಿತ್ತು. ಬೇಗ ಒತ್ತಿದವರಿಗೆ ಜಾಸ್ತಿ ಅಂಕ ಬೇರೆ. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ನಾನು ತರಬೇತಿಗಳಲ್ಲಿ ಇದನ್ನು ಹೇಳುತ್ತಲೂ ಇದ್ದೆ. ಆದರೂ ಯೋಚಿಸಲು ನಿಲ್ಲುವ ಮಗು ಸೋಲುವಂಥ ಆಟವನ್ನು ತರಗತಿಗೆ ತಂದವಳು ನಾನೇ.

ಶಿಕ್ಷಕಿಯದು ಇದರಲ್ಲಿ ತಪ್ಪಿಲ್ಲ. ಅವರ ಜೊತೆ ಕೂತಿದ್ದ ಅಷ್ಟು ಹೊತ್ತಿನಲ್ಲಿ ಭಿನ್ನರಾಶಿಯ ಮಾತನ್ನೇ ನಾನು ಎತ್ತಿರಲಿಲ್ಲ.

ಮುಂದಿನ ಸಲ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. "ಪಾಠ ಮುಗಿದಾಗ ಮಕ್ಕಳು ಏನು ಮಾಡಿ ತೋರಿಸಬೇಕು?" ಅಂತ ಕೇಳಿದೆ.

"ಭಿನ್ನರಾಶಿ ಹೋಲಿಸಬೇಕು."

"ಅವರಿಗೆ ಅರ್ಥವಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?"

ತುಂಬಾ ಹೊತ್ತು ಸುಮ್ಮನಿದ್ದರು. ನಡುವೆ ಬಾಯಿ ಹಾಕಬಾರದು ಅಂತ ನಾನೂ ಸುಮ್ಮನಿದ್ದೆ. ಈ ಕೆಲಸದಲ್ಲಿ ನನಗೆ ಇವತ್ತಿಗೂ ಕಷ್ಟವಾಗುವುದು ಇದೇ. ಕೊನೆಗೆ ಅವರೇ ಹೇಳಿದರು: "ಜಾಸ್ತಿ ಭಾಗ ಮಾಡಿದರೆ ಒಂದೊಂದು ಭಾಗ ಚಿಕ್ಕದಾಗುತ್ತೆ ಅಂತ ಅವರ ಮಾತಲ್ಲೇ ಹೇಳಬೇಕು."

ಆ ವಾಕ್ಯವನ್ನು ಪುಸ್ತಕದಲ್ಲಿ ಬರೆದುಕೊಂಡು ಪಾಠವನ್ನು ಅಲ್ಲಿಂದ ಹಿಂದಕ್ಕೆ ಕಟ್ಟಿದೆವು. ಒಂದೇ ಉದ್ದದ ಎರಡು ಕಾಗದದ ಪಟ್ಟಿ. ಒಂದನ್ನು ಎಂಟು ಭಾಗ ಮಾಡಬೇಕು. ಮೂರು ಸಲ ಅರ್ಧಕ್ಕೆ ಮಡಚಿದರೆ ಆಯಿತು. ಇನ್ನೊಂದನ್ನು ಆರು ಭಾಗ ಮಾಡುವಾಗ ಮಕ್ಕಳು ಒದ್ದಾಡಿದರು, ಯಾಕೆಂದರೆ ಮೊದಲು ಮೂರು ಸಮಭಾಗ ಬರಬೇಕು. "ಸಮ ಬಂದಿಲ್ಲ" ಎಂಬ ಜಗಳದಲ್ಲೇ ಅರ್ಧ ಪಾಠ ನಡೆಯಿತು. ಪಟ್ಟಿಗಳನ್ನು ಒಂದರ ಕೆಳಗೊಂದು ಇಟ್ಟಾಗ ಹಿಂದಿನ ಬೆಂಚಿನ ಹುಡುಗ 1/8 ಭಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡುತ್ತಿದ್ದ.

ಕ್ವಿಜ್ ಆಮೇಲೆ ಬಂತು. ಈ ಸಲ 1/2 ಮತ್ತು 3/8, 2/3 ಮತ್ತು 3/5 ಇದ್ದವು. ದೊಡ್ಡ ಅಂಕಿ ನೋಡಿ ಒತ್ತಿದರೆ ತಪ್ಪಾಗುವ ಜೋಡಿಗಳು. ಟೈಮರ್ ತೆಗೆದೆವು. ಸರಿ ಉತ್ತರ ತೋರಿಸುವ ಮೊದಲು ಪಕ್ಕದವರಿಗೆ ಕಾರಣ ಹೇಳಬೇಕಿತ್ತು. ಹಸಿರು ಕಡಿಮೆಯಾಯಿತು. ಆದರೆ ಯಾರಿಗೆ ಎಲ್ಲಿ ತೊಡಕಿದೆ ಅಂತ ಶಿಕ್ಷಕಿಗೆ ಅದೇ ದಿನ ಗೊತ್ತಾಯಿತು.

ಹೊಸ ಟ್ಯಾಬ್ ಬಂದ ಕಡೆ "ಬಳಸಿ" ಎಂಬ ಒತ್ತಡ ಇದ್ದೇ ಇರುತ್ತದೆ. ಕೋಚ್‌ಗಳ ಕೆಲಸವನ್ನೂ ಎಷ್ಟು ಜನರಿಗೆ ಎಷ್ಟು ಆ್ಯಪ್ ಕಲಿಸಿದಿರಿ ಅಂತಲೇ ಅಳೆಯುತ್ತಾರೆ. ನನ್ನ ವರದಿಯಲ್ಲಿ ಈಗ ಮೊದಲ ಸಾಲು ಶಿಕ್ಷಕರು ಹೇಳಿದ ಗುರಿ. ಉಪಕರಣದ ಹೆಸರು ಕೆಳಗೆಲ್ಲೋ ಬರುತ್ತದೆ. ಕೆಲವು ಸಲ ಬರುವುದೇ ಇಲ್ಲ.

ಸ್ವಲ್ಪ ದಿನದ ನಂತರ ಅದೇ ಶಿಕ್ಷಕಿ ಫೋನ್ ಮಾಡಿದರು. "ಮೇಡಂ, ಕೋನದ ಪಾಠ. ಗೆರೆ ಉದ್ದ ಇದ್ದರೆ ಕೋನ ದೊಡ್ಡದು ಅಂತಾರೆ ಮಕ್ಕಳು. ಗೆರೆಯನ್ನು ಎಳೆದು ಉದ್ದ ಮಾಡುತ್ತಾ ಕೋನ ಬದಲಾಗಲ್ಲ ಅಂತ ತೋರಿಸಬೇಕು. ಬೋರ್ಡ್ ಮೇಲೆ ಸರಿಯಾಗಿ ಆಗ್ತಿಲ್ಲ. ಏನಾದ್ರೂ ಇದೆಯಾ?"

ಆ ಸಂಜೆ ಇಬ್ಬರೂ ಕೂತು, ಗೆರೆ-ಕೋನಗಳನ್ನು ಪರದೆ ಮೇಲೆ ಎಳೆದು ಬದಲಿಸಬಹುದಾದ ಜಿಯೋಜೀಬ್ರಾ ಆ್ಯಪ್ ತೆರೆದೆವು.