ಬೇಸ್ ಗಿಟಾರ್: ಬಾರ್ಸೋದಕ್ಕಿಂತ ನಿಲ್ಸೋದೇ ಕಷ್ಟ ಕಣ್ರೀ

ಬೇಸ್ ಗಿಟಾರ್, ಅಂದ್ರೆ ಹಾಡಿನ ಅಡಿಯಲ್ಲಿ ತಗ್ಗಿನ ಸ್ವರ ಹಿಡಿಯೋ ಗಿಟಾರ್, ಕಲೀತಿದೀನಿ ಅಂದ್ರೆ ನಮ್ಮ ದಾವಣಗೆರೆಲಿ ಎಲ್ರೂ ಮೊದ್ಲು ಹೇಳೋದು "ಹೌದಾ, ಯಾವ್ದಾದ್ರೂ ಒಂದ್ ಹಾಡು ಬಾರ್ಸು ನೋಡಾಣ" ಅಂತ. ಏನ್ ಬಾರ್ಸೋದು ಹೇಳಿ, ಬೇಸ್ ಒಂದನ್ನೇ ಬಾರ್ಸಿದ್ರೆ ಎಷ್ಟೋ ಹಾಡು ಹಾಡಿನ ಥರಾನೇ ಕೇಳ್ಸಲ್ಲ. "ಹಾಡೆಲ್ಲೋ ಇದ್ರಾಗೆ, ಬರೇ ಡುಂ ಡುಂ ಅಂತೈತೆ" ಅಂದ್ರು ಅಮ್ಮ. ಅವ್ರು ಹೇಳಿದ್ರಲ್ಲಿ ತಪ್ಪೇನಿಲ್ಲ ಬಿಡಿ.

ನಾಲ್ಕೇ ತಂತಿ, ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ, ಒಂದೊಂದಕ್ಕೂ ಅದರ ಸ್ವರದ್ದೇ ಹೆಸರು. ನಾಲ್ಕೇ ಅಲ್ವಾ ಅಂತ ಸಸಾರ ಮಾಡ್ಬೇಡಿ, ತಂತಿ ಉದ್ದ ಸಾಮಾನ್ಯವಾಗಿ 34 ಇಂಚು, ಮಾಮೂಲಿ ಎಲೆಕ್ಟ್ರಿಕ್ ಗಿಟಾರ್ ಆದ್ರೆ 25ರ ಆಸುಪಾಸು, ಹಂಗಾಗಿ ಮೊದಲನೇ ಫ್ರೆಟ್ (ಗಿಟಾರ್ ಕತ್ತಿನ ಮೇಲೆ ಅಡ್ಡ ಕೂರಿಸಿರೋ ಲೋಹದ ಪಟ್ಟಿ) ಹತ್ರ ಬೆರಳು ಅಗಲ ಮಾಡಿ ಮಾಡಿ ಕಿರುಬೆರಳು ಅತ್ತೇಬಿಡುತ್ತೆ. ಬೇಸಿಗೇಲಿ ನಮ್ಮೂರ ಒಣ ಹವೆಗೆ ಗಿಟಾರ್ ಕತ್ತಿನ ಮರ ಬೇರೆ ಸ್ವಲ್ಪ ಆಡುತ್ತೆ, ತಂತಿ ಫ್ರೆಟ್ಟಿಗೆ ತಾಗಿ ಜುಂಯ್ ಅನ್ನುತ್ತೆ, ಆಗ ಒಳಗಿರೋ ಟ್ರಸ್ ರಾಡನ್ನ (ಕತ್ತಿನ ಬಾಗು ಸರಿಮಾಡೋ ಲೋಹದ ಸರಳು) ಗೊತ್ತಿರೋರ ಕೈಲಿ ತಿರುಗಿಸ್ಬೇಕು.

ಆದ್ರೆ ಅಸಲಿ ಕೆಲ್ಸ ಇರೋದು ಸದ್ದು ನಿಲ್ಸೋದ್ರಲ್ಲಿ. ಎ ತಂತಿ ಮೂರನೇ ಫ್ರೆಟ್ ಒತ್ತಿ ಮೀಟಿದ್ರೆ ಸಿ ಸ್ವರ ಬಂತು, ಸರಿ, ಈಗ ಅದನ್ನ ನಿಲ್ಸಿ ನೋಡಾಣ. ಬೆರಳು ಪೂರ್ತಿ ಎತ್ತಿದ್ರೆ ಖಾಲಿ ಎ ತಂತಿ ಊಂ ಅಂತ ಎದ್ದೇಳುತ್ತೆ, ಅದಕ್ಕೇ ಒತ್ತಡ ಮಾತ್ರ ಸಡಿಲ ಮಾಡಿ ಬೆರಳು ತಂತಿ ಮೇಲೇ ಕೂತಿರ್ಬೇಕು, ಅಷ್ಟೊತ್ತಿಗೆ ಪಕ್ಕದ ದಪ್ಪ ಇ ತಂತಿ ತಾನೇ ಗುಂಯ್‌ಗುಡ್ತಿರುತ್ತೆ, ಅದ್ರ ಮೇಲೆ ಬಲಗೈ ಹೆಬ್ಬೆರಳು ಇಟ್ಟಿರ್ಬೇಕು, ಸಣ್ಣ ತಂತಿಗಳ ಮೇಲೆ ಎಡಗೈ ತೋರುಬೆರಳು ಹಗೂರಕ್ಕೆ ಒರಗಿರ್ಬೇಕು. ಒಂದು ಸ್ವರಕ್ಕೆ ಇಷ್ಟೆಲ್ಲಾ! ತಾಳಕ್ಕೆ ಟಿಕ್ ಟಿಕ್ ಅನ್ನೋ ಮೆಟ್ರೊನೋಮನ್ನ ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಇದನ್ನೇ ಮಾಡಿ ನೋಡಿ, ನಿಧಾನಕ್ಕೆ ಬಾರ್ಸೋದು ಸುಲಭ ಅನ್ನೋರ ಮಾತು ನಂಬೋದೇ ಬಿಟ್ಬಿಡ್ತೀರ.

ಯೂಟ್ಯೂಬ್ ಮೇಷ್ಟ್ರುಗಳೆಲ್ಲಾ ಮೀಟೋವಾಗ ಬಲಗೈ ತೋರುಬೆರಳು, ಮಧ್ಯದ ಬೆರಳು ಒಂದಾದ್ಮೇಲೊಂದು ಬರ್ಲೇಬೇಕು ಅಂತಾರೆ, ನಾನೂ ಹಂಗೇ ಮಾಡ್ತೀನಿ, ಆದ್ರೆ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ಬಾರ್ಸಿದ ಜೇಮ್ಸ್ ಜೇಮರ್ಸನ್ ಒಂದೇ ತೋರುಬೆರಳಲ್ಲಿ ಮೀಟ್ತಿದ್ದೋರು ಅನ್ನೋದು ಗೊತ್ತಾದ್ಮೇಲೆ ಆ ನಿಯಮದ ಮೇಲೆ ಭಯ ಹೋಯ್ತು.

ಇನ್ನೊಂದು ವಿಷ್ಯ, ಫೋನ್ ಸ್ಪೀಕರಲ್ಲಿ ಬೇಸ್ ಕಲಿಯಕ್ಕೆ ಹೋಗ್ಬೇಡಿ. ಖಾಲಿ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತೆ, ಅಷ್ಟು ಕೆಳಗಿನ ಸದ್ದು ಆ ಪುಟಾಣಿ ಸ್ಪೀಕರಿಂದ ಹೊರಗೆ ಬರಲ್ಲ, ಅದ್ರ ಜೊತೆಗೇ ಹುಟ್ಟೋ ಮೇಲಿನ ಸ್ಥಾಯಿಯ ಸದ್ದುಗಳನ್ನ ಕೇಳಿ ನಮ್ಮ ತಲೇನೇ ಉಳಿದದ್ದನ್ನ ಊಹೆ ಮಾಡ್ಕೊಳುತ್ತೆ. ಹೆಡ್‌ಫೋನ್ ಹಾಕ್ಕೊಳ್ಳಿ. ಹಂಗೇ ಫ್ರೆಂಡ್ ಮನೇಲಿರೋ ಮಾಮೂಲಿ ಗಿಟಾರ್ ಆಂಪ್ಲಿಫೈಯರ್‌ಗೆ ಸಿಗಿಸಿ ವಾಲ್ಯೂಮ್ ಜಾಸ್ತಿ ಮಾಡ್ಬೇಡಿ, ಸ್ಪೀಕರ್ ಹರಿದ್ರೆ ಫ್ರೆಂಡ್‌ಶಿಪ್ಪೂ ಹರಿಯುತ್ತೆ.

ನಮ್ಮ ಏರಿಯಾದ ಗಣೇಶನ ಪೆಂಡಾಲಿಗೆ ಬರೋ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ಇರೋದು ಕಮ್ಮಿ, ಕೀಬೋರ್ಡಿನವ್ರ ಎಡಗೈಯೇ ಆ ಕೆಲ್ಸ ಮಾಡ್ಬಿಡುತ್ತೆ. ಮೊದ್ಲೆಲ್ಲಾ ಅದು ಕಿವಿಗೇ ಬೀಳ್ತಿರ್ಲಿಲ್ಲ, ಈಗ ಹಾಡೋರನ್ನ ಬಿಟ್ಟು ಅದನ್ನೇ ಕೇಳ್ತಾ ನಿಂತ್ಬಿಡ್ತೀನಿ. ನಮ್ಮ ಚಿಕ್ಕಪ್ಪನ ಮಗ ರಿದಮ್ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ಬಾರಿಸ್ತಾನೆ, ಭಾನುವಾರ ಇಬ್ರೂ ಕೂತ್ಕೊಂಡು ಬರೇ ಮೂಲ ಸ್ವರ, ಅದ್ರ ಪಂಚಮ, ಇಷ್ಟೇ ಇಟ್ಕೊಂಡು ಪ್ರಾಕ್ಟೀಸ್ ಮಾಡ್ತೀವಿ, ಸಿ ಒತ್ತಿದ್ರೆ ಪಕ್ಕದ ಡಿ ತಂತೀಲಿ ಎರಡು ಫ್ರೆಟ್ ಮುಂದೆ ಜಿ ಸಿಗುತ್ತೆ, ಇದೇ ಆಕಾರ ಎಲ್ಲಿಗೆ ಜರುಗಿಸಿದ್ರೂ ನಡೆಯುತ್ತೆ. ಅವ್ನ ಕಿಕ್ಕು (ದೊಡ್ಡ ಡ್ರಮ್ಮಿನ ಏಟು), ನನ್ನ ಸ್ವರ ಒಟ್ಟಿಗೆ ಬಿದ್ರೆ ಯಾರು ಯಾವ್ದು ಬಾರ್ಸಿದ್ದು ಅಂತಾನೇ ಗೊತ್ತಾಗಲ್ಲ, ಸಖತ್ ಮಜಾ. ಈ ಸಲ ಹಬ್ಬಕ್ಕೆ ಪೆಂಡಾಲಲ್ಲಿ ಒಂದೆರಡು ಹಾಡಿಗೆ ಬಾ ಅಂತ ಗಂಟುಬಿದ್ದಿದಾನೆ. ಬರ್ತೀನಿ ಕಣಲೇ, ತೀರಾ ನಿಧಾನದ ಹಾಡು ಮಾತ್ರ ಕೊಡ್ಬೇಡ ಅಂದಿದೀನಿ.