ಗೋಡೆಗೆ ಹತ್ತಿದ ಗುಂಯ್

ಏಸಿಯ ಹೊರಗಿನ ಯೂನಿಟ್ ಗುಂಯ್ ಅಂತ ಶುರುವಾದರೆ ಮಂಚದವರೆಗೂ ನಡುಕ ಬರ್ತಿತ್ತು.

ಇವತ್ತು ಬಂದ ಮೆಕ್ಯಾನಿಕ್ ಮೊದಲು ಏನೂ ಬಿಚ್ಚಲಿಲ್ಲ. ಅದು ಓಡುತ್ತಿರುವಾಗಲೇ ಮೇಲಿನ ತಗಡನ್ನ ಅಂಗೈಯಿಂದ ಒತ್ತಿ ಹಿಡಿದರು. ಸದ್ದು ಹಾಗೇ ಇತ್ತು. ಆಮೇಲೆ ಯೂನಿಟ್ ಕೂತಿದ್ದ ಕಬ್ಬಿಣದ ಸ್ಟ್ಯಾಂಡ್ ಅದುಮಿದರು. ಸದ್ದು ತಟ್ಟನೆ ಇಳಿಯಿತು.

"ಇಲ್ಲೇ ಇರೋದು ಸಾರ್."

ಯೂನಿಟ್ ಕಾಲಡಿಯ ರಬ್ಬರ್ ಬಿಸಿಲಿಗೆ ಒಣಗಿ ರಸ್ಕಿನ ಥರ ಉದುರುತ್ತಿತ್ತು. ಕಂಪ್ರೆಸರ್ ನಡುಕ ನೇರ ಕಬ್ಬಿಣಕ್ಕೆ, ಅಲ್ಲಿಂದ ಗೋಡೆಗೆ. ಹೊಸ ರಬ್ಬರ್ ಹಾಕಿ ಬೋಲ್ಟ್ ಬಿಗಿ ಮಾಡಿದರು, ಅಷ್ಟೇ. ಈಗ ಫ್ಯಾನಿನ ಗಾಳಿ ಸದ್ದು ಮಾತ್ರ.

ನನಗೆ ಜಾಸ್ತಿ ಸಮಾಧಾನ ಆಗಿದ್ದು ಪಕ್ಕದ ಮನೆ ಅಜ್ಜಿಗಾಗಿ. ಕುವೆಂಪುನಗರದ ನಮ್ಮ ಬೀದಿಯಲ್ಲಿ ಮನೆಗಳು ಅಷ್ಟು ಹತ್ತಿರ. ಯೂನಿಟ್ ಇರೋದು ಅವರ ಮಲಗೋ ಕೋಣೆ ಕಿಟಕಿ ಎದುರಿಗೇ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬಲ್ ಅಂತ ಕಾನೂನೇ ಇದೆ. ಅಜ್ಜಿ ಒಂದು ಮಾತೂ ಆಡಿರಲಿಲ್ಲ. ಕೇಳಿದ್ದಕ್ಕೆ, "ನಿಮಗೂ ಸೆಖೆ ಅಲ್ವಾ ಕಂದ" ಅಂದರು.

ಇಂಥ ನೆರೆಯವರು ಎಲ್ಲರಿಗೂ ಸಿಗಲ್ಲ. ಮುಂದಿನ ಸರ್ವಿಸ್‌ಗೆ ಬಂದಾಗ ಗ್ಯಾಸ್ ಜೊತೆ ಆ ರಬ್ಬರನ್ನೂ ನೋಡೋಕೆ ಹೇಳಿ.