ಜಾತ್ರೆಗೆ ಹೋಗದ ಬಂಡಿ

ಆಯಿ, ಅಂದರೆ ನಮ್ಮ ಅಜ್ಜಿ, ತೀರಿಕೊಂಡ ಮೇಲೆ ಅವಳ ಟ್ರಂಕು ತೆಗೆದರೆ ಒಳಗೆ ಬರೀ ಕುಪ್ಪಸದ ಖಣಗಳು. ಒಂದನ್ನೂ ಹೊಲಿಸಿರಲಿಲ್ಲ, ತೊಟ್ಟಿರಲಿಲ್ಲ. ಒಂದೊಂದನ್ನೂ ತ್ರಿಕೋನವಾಗಿ ಮಡಚಿ, ನಡುನಡುವೆ ಬೇವಿನ ಎಲೆ ಇಟ್ಟು ಪೇರಿಸಿದ್ದಳು. ಅವ್ವ ಎಣಿಸಲು ಕೂತವಳು ನೂರಾ ನಲವತ್ತಕ್ಕೆ ಕೈಬಿಟ್ಟಳು. "ಸಾಕು ಬಿಡು, ಅರ್ಧ ಊರು ಇದರಾಗ ಐತಿ" ಅಂದಳು.

ನಮ್ಮದು ಗುಳೇದಗುಡ್ಡ. ಈಗ ಬಾಗಲಕೋಟೆ ಜಿಲ್ಲೆ, ಆಗ ವಿಜಾಪುರ ಜಿಲ್ಲೆ. ಖಣ ನೇಯುವ ಊರು. ಆಯಿಯ ಗಂಡ, ನಮ್ಮ ಮುತ್ಯಾ, ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಖಣ ನೇಯುತ್ತಿದ್ದ, ಆಯಿ ಹೆರಿಗೆ ಮಾಡಿಸಿ ಖಣ ತರುತ್ತಿದ್ದಳು. "ನಾ ಮಾರಿದ್ದ ಖಣ ಊರು ಸುತ್ತಿ ಮತ್ತ ನಮ್ಮ ಮನೀಗೇ ಬರತೈತಿ" ಅಂತ ಮುತ್ಯಾನ ತಮಾಷೆ. ಸೂಲಗಿತ್ತಿಗೆ ಕೊಡುವುದೆಂದರೆ ಮೊರದಲ್ಲಿ ಒಂದಿಷ್ಟು ಜೋಳ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಖಣ, ಮೇಲೆ ಎಂಟಾಣೆಯೋ ರೂಪಾಯಿಯೋ. ಗಂಡು ಹುಟ್ಟಿದರೆ ಸ್ವಲ್ಪ ಜಾಸ್ತಿ. ಹೆಣ್ಣು ಹುಟ್ಟಿದ ಕೆಲವು ಮನೆಗಳಲ್ಲಿ ಖಣದ ಮಾತೇ ಎತ್ತುತ್ತಿರಲಿಲ್ಲ. ಆಯಿ ಕೇಳುತ್ತಲೂ ಇರಲಿಲ್ಲ.

2018ರಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತಲ್ಲ, ಅವತ್ತು ಟೀವಿ ಮುಂದೆ ಕೂತ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಅಂತ ಹೇಳುತ್ತಿದ್ದರು. ನಮ್ಮ ಆಯಿಯದು ಅಷ್ಟೆಲ್ಲ ಇಲ್ಲ. ಲೆಕ್ಕ ಇಟ್ಟವರೂ ಇಲ್ಲ. ಆದರೆ ನನಗೆ ಅವತ್ತು ನೆನಪಾದದ್ದು ಆಯಿ ಹೆರಿಗೆ ಮಾಡಿಸಿದ ದಿನವಲ್ಲ, ಮಾಡಿಸಲಾಗದೆ ಬಂದ ಒಂದು ದಿನ.

ಅದನ್ನು ಹೇಳುವ ಮೊದಲು ಶೆಟಗೆವ್ವನ ವಿಷಯ ಹೇಳಬೇಕು.

ನಮ್ಮ ಕಡೆ ಕೂಸು ಹುಟ್ಟಿದ ಐದನೇ ರಾತ್ರಿ ಶೆಟಗೆವ್ವ ಬಂದು ಅದರ ಹಣೆಬರಹ ಬರೆದು ಹೋಗುತ್ತಾಳೆ ಅಂತ ನಂಬಿಕೆ. ಅವತ್ತಿನ ಪೂಜೆ ಸೂಲಗಿತ್ತಿಯದು. ಕೂಸಿನ ತಲೆದೆಸೆಗೆ ಬಿಳಿ ಹಾಳೆ, ಪೆನ್ನು ಇಟ್ಟು ದೀಪ ಹಚ್ಚುತ್ತಾರೆ. ಪೂಜೆ ಮುಗಿದ ಮೇಲೆ ಆಯಿ ಆ ದೀಪವನ್ನು ಸೆರಗಿನೊಳಗೆ ಮರೆಮಾಡಿಕೊಂಡು ಹಿಂದೆ ನೋಡದೆ ಮನೆಗೆ ಬರುತ್ತಿದ್ದಳು. ಬಾಣಂತಿಯ ಕಣ್ಣಿಗೆ ಆ ದೀಪ ಬೀಳಬಾರದು. ಮುಂದೆ ನಾನು ಕಂದೀಲು ಹಿಡಿದು ನಡೆಯುತ್ತಿದ್ದೆ. ಆ ಹಾಳೆಯಲ್ಲಿ ಏನಾದರೂ ಬರೆದಿರುತ್ತದಾ ಅಂತ ಒಂದು ಸಲ ಕದ್ದು ನೋಡಿದ್ದೆ. ಖಾಲಿ ಇತ್ತು. ಆಯಿಗೆ ಹೇಳಲಿಲ್ಲ.

ಆ ಕಾಲಕ್ಕೆ ಎಷ್ಟೋ ಕೂಸುಗಳು ಎಂಟು ದಿನ ದಾಟುತ್ತಿರಲಿಲ್ಲ. ಹುಟ್ಟಿದಾಗ ಗಟ್ಟಿಯಾಗಿ ಅಳುತ್ತಿದ್ದವು, ಮೂರು ನಾಲ್ಕು ದಿನ ಚೆಂದ ಹಾಲು ಕುಡಿಯುತ್ತಿದ್ದವು. ಆಮೇಲೆ ಬಾಯಿ ಕಚ್ಚಿಕೊಳ್ಳುತ್ತಿತ್ತು, ಮೈ ಬಿಲ್ಲಿನ ಹಾಗೆ ಸೆಟೆಯುತ್ತಿತ್ತು. "ಐದಕ್ಕ ಬರದಳು, ಎಂಟಕ್ಕ ಒಯ್ದಳು" ಅಂತ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಆಯಿಯ ಚೊಚ್ಚಲ ಕೂಸು ಹಾಗೇ ಹೋಗಿತ್ತು. ಆಮೇಲೆ ಕಾಕಾನ ಮೊದಲ ಎರಡು ಮಕ್ಕಳು. ಆ ಎರಡನ್ನೂ ಆಯಿಯೇ ಹಿಡಿದಿದ್ದಳು. ಹೊಕ್ಕುಳಬಳ್ಳಿ ಕೊಯ್ದದ್ದು ಮನೆಯ ಕುಡುಗೋಲಿನಿಂದ, ಮೇಲೆ ಹಚ್ಚಿದ್ದು ಒಲೆಯ ಬೂದಿ. ಅವಳ ಅತ್ತೆ ಕಲಿಸಿದ್ದು ಅದನ್ನೇ.

1978ರಲ್ಲಿ ಸರಕಾರದವರು ಊರೂರಿನ ಸೂಲಗಿತ್ತಿಯರನ್ನು ಕರೆದು ದವಾಖಾನೆಯಲ್ಲಿ ತರಬೇತಿ ಕೊಟ್ಟರು. ಆಯಿಯೂ ಹೋದಳು. ಕೊನೆಗೆ ಒಂದು ಡಬ್ಬಿ ಕೊಟ್ಟರು. ಕತ್ತರಿ, ಬಟ್ಟಲು, ಸೋಪು, ಉಗುರು ತಿಕ್ಕುವ ಬ್ರಷ್ಷು. ಅಕ್ಷರ ಬಾರದ ಆಯಿ ಪಾಠವನ್ನೆಲ್ಲ ಬಾಯಲ್ಲೇ ಇಟ್ಟುಕೊಂಡು ಬರುತ್ತಿದ್ದಳು. ಬ್ಲೇಡ್ ಕುದಿಸು, ದಾರ ಕುದಿಸು, ಕೈ ಮೊಣಕೈ ತನಕ ತೊಳಿ, ಹೊಕ್ಕುಳಿಗೆ ಏನೂ ಹಚ್ಚಬೇಡ.

ತರಬೇತಿಯ ನಡುವೆ ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದುಬಿಟ್ಟಳು. ಊಟ ಬೇಡ ಅಂದಳು. ಸಂಜೆ ದೇವರಿಗೆ ದೀಪ ಹಚ್ಚಲಿಲ್ಲ, ಅವ್ವನೇ ಹಚ್ಚಿದಳು. ಹಾಗೇ ಒಂಬತ್ತು ದಿನ. ನನಗೆ ಏಳು ವರ್ಷ, ಏನೂ ತಿಳಿಯಲಿಲ್ಲ. ಆಮೇಲೆ ಎಷ್ಟೋ ವರ್ಷಕ್ಕೆ ಅವ್ವ ಹೇಳಿದ್ದು: ಅವತ್ತು ನರ್ಸಬಾಯಿ ಧನುರ್ವಾಯು ಅಂದರೇನು ಅಂತ ಹೇಳಿಕೊಟ್ಟಿದ್ದಳಂತೆ. ಮಣ್ಣಿನಲ್ಲಿ, ಸಗಣಿಯಲ್ಲಿ, ತೊಳೆಯದ ಕುಡುಗೋಲಿನಲ್ಲಿ ಇರುವ ಕ್ರಿಮಿ ಹೊಕ್ಕುಳಿನಿಂದ ಒಳಗೆ ಹೋಗುತ್ತದೆ. ಬಾಯಿ ಕಚ್ಚಿಕೊಳ್ಳುತ್ತದೆ. ಮೈ ಸೆಟೆಯುತ್ತದೆ. ಏಳೆಂಟು ದಿನಕ್ಕೆ ಹೋಗುತ್ತದೆ.

ಆಯಿ ಅದನ್ನು ಮನೆಯಲ್ಲಿ ಮುಚ್ಚಿಡಬಹುದಿತ್ತು. ಯಾರು ಕೇಳುತ್ತಿದ್ದರು? ಆದರೆ ಹತ್ತನೇ ದಿನ ಕಾಕಾ ಕಾಕಿಯನ್ನು ಎದುರು ಕೂರಿಸಿಕೊಂಡು ಎಲ್ಲ ಹೇಳಿದಳಂತೆ. ಕಾಕಿ ಅತ್ತಳು. ಕಾಕಾ ಏನೂ ಅನ್ನದೆ ಎದ್ದು ಹೋದ.

1980ರ ಅಕ್ಟೋಬರದಲ್ಲಿ ಕಾಕಿಗೆ ಮೂರನೇ ಕೂಸು ಹುಟ್ಟಿತು. ಕಾಕಿಯೇ ಹಟ ಮಾಡಿ ಆಯಿಯ ಕೈಯಲ್ಲೇ ಹಡೆದಳು. ಈ ಸಲ ಬ್ಲೇಡ್ ಕುದಿಯಿತು, ದಾರ ಕುದಿಯಿತು. ಎಂಟನೇ ದಿನ ಯಾರೂ ಮಲಗಲಿಲ್ಲ. ಒಂಬತ್ತನೇ ದಿನ ಬೆಳಗ್ಗೆ ಕೂಸು ಚೀರಿ ಹಾಲು ಕೇಳಿದಾಗ ಆಯಿ ಹರಕೆ ಹೊತ್ತಳು. ಬರುವ ಬನದ ಹುಣ್ಣಿಮೆಗೆ ಬನಶಂಕರಿಗೆ ಬಂದು, ಕೂಸನ್ನು ಬಾಳೆದಿಂಡಿನ ತೆಪ್ಪದಲ್ಲಿ ಕೂರಿಸಿ ಹೊಂಡದಲ್ಲಿ ತೇಲಿಸುತ್ತೇನೆ ಅಂತ. ಬದಾಮಿ ಹತ್ತಿರದ ಈ ಬನಶಂಕರಿ ನಮ್ಮಂಥ ನೇಕಾರರ ಮನೆದೇವರು. ಪುಷ್ಯ ಮಾಸದ ಆ ಜಾತ್ರೆ ಅಂದರೆ ಕೇಳಬೇಡಿ. ಹಿಂದಿನ ದಿನ ಪಲ್ಲೇದ ಹಬ್ಬ, ದೇವಿಗೆ ನೂರೆಂಟು ತರಕಾರಿಯ ಎಡೆ. ಹುಣ್ಣಿಮೆಯ ಸಂಜೆ ತೇರು. ಆಮೇಲೆ ತಿಂಗಳಗಟ್ಟಲೆ ಕಂಪನಿ ನಾಟಕ. ನನಗಂತೂ ಒಂದು ವಾರದಿಂದ ನಿದ್ದೆ ಇರಲಿಲ್ಲ.

1981ರ ಜನವರಿ. ಹುಣ್ಣಿಮೆಯ ನಸುಕು. ಬಾಡಿಗೆ ಬಂಡಿ ಬಾಗಿಲಿಗೆ ಬಂದಿತ್ತು. ಸಜ್ಜೆರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಕಟ್ಟಿದ ಬುತ್ತಿ ಏರಿತು. ಕಾಕಿ ಕೂಸನ್ನು ಕುಂಚಿಗೆಯಲ್ಲಿ ಸುತ್ತಿಕೊಂಡು ಕೂತಳು. ನಾನು ಮೂಲೆ ಹಿಡಿದಿದ್ದೆ. ಆಯಿ ಮಿಂದು ಮಡಿಯುಟ್ಟು ಇನ್ನೇನು ಕಾಲಿಡಬೇಕು, ಪಿಂಜಾರ ಓಣಿಯ ಮುದುಕನೊಬ್ಬ ಓಡಿ ಬಂದ. ತವರಿಗೆ ಬಂದ ಮಗಳಿಗೆ ಸಂಜೆಯಿಂದ ಬೇನೆ, ಕೂಸು ಇಳಿಯುತ್ತಿಲ್ಲ.

"ಬ್ಯಾರೆ ಯಾರನ್ನರ ಕರಕೊಂಡ್ ಹೋಗೋ ಯಜಮಾನ" ಅಂದ ಕಾಕಾ. "ಇವತ್ತ ಹರಕಿ ಐತಿ. ಅಕಿ ಮುಟ್ಟಿದ್ರ ಪುರುಡು ಆಕ್ಕತಿ."

ಆಯಿ ನನ್ನ ಕಡೆ ನೋಡಿದಳು. "ಡಬ್ಬಿ ತಗೊಂಡ್ ಬಾ."

ಡಬ್ಬಿ ಹೊರುವವಳು ನಾನೇ. ಆ ಮನೆಯ ಕಟ್ಟೆಯ ಮೇಲೆ ಕೂತೆ. ಒಳಗಿಂದ ನರಳುವ ಸದ್ದು, ನಡುವೆ ಆಯಿಯ "ಹಗೂರ, ಹಗೂರವಾ." ಸ್ವಲ್ಪ ಹೊತ್ತಿಗೇ ಹೊರಗೆ ಬಂದಳು. ಅವಳು ಹಾಗೆ ಬೇಗ ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. "ಕೂಸು ಅಡ್ಡ ಮಲಗೈತಿ. ಕೈ ಹೊರಗ ಬಂದೈತಿ" ಅಂದಳು ಮುದುಕನಿಗೆ. "ಇದು ನನ್ನ ಕೈಲೆ ಆಗೂದಲ್ಲ. ಎಳದ್ರ ಇಬ್ಬರೂ ಹೊಕ್ಕಾರ. ಬೆಟಗೇರಿಗೆ ಒಯ್ಯಬೇಕು." ಬೆಟಗೇರಿ ಅಂದರೆ ಗದಗದ ಪಕ್ಕದ ಮಿಶನ್ ದವಾಖಾನೆ. ಬಾಸೆಲ್ ಮಿಶನ್ನಿನವರು ಕಟ್ಟಿದ್ದು, ಜನರ ಬಾಯಲ್ಲಿ ಜರ್ಮನ್ ದವಾಖಾನೆ.

ಮುದುಕ ಕೇಳಿದ, "ಈ ಹೊತ್ತಿನಾಗ ಬಂಡಿ ಎಲ್ಲಿ ಸಿಕ್ಕಾವು ಆಯಿ? ಎಲ್ಲಾ ಜಾತ್ರಿಗೆ ಹೋಗ್ಯಾವು."

ಆಯಿ ಉತ್ತರ ಕೊಡಲಿಲ್ಲ. ಸೀದಾ ನಮ್ಮ ಬಾಗಿಲಿಗೆ ಬಂದಳು.

"ಬಂಡಿ ಖಾಲಿ ಮಾಡ್ರಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ಕಾಕಾ ಎತ್ತಿನ ಹಗ್ಗ ಹಿಡಿದುಕೊಂಡು ನಿಂತುಬಿಟ್ಟ. ಅಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಅವತ್ತು ನಡುಬೀದಿಯಲ್ಲಿ ಹೊರಗೆ ಬಂತು. "ನನ್ನ ಎರಡು ಕೂಸು ನಿನ್ನ ಕೈಯಾಗ ಹೋದುವು. ಈ ಒಂದರ ಹರಕಿನೂ ಕೆಡಸ್ತೀ? ಯಾರದೋ ಮಗಳು ನಿನಗ ಹೆಚ್ಚಾದ್ಲೇನು ಯವ್ವಾ?"

ಅಕ್ಕಪಕ್ಕದ ಬಾಗಿಲು ತೆರೆದವು. ಆಯಿ ಮಗನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಂಡಿರಲಿಲ್ಲ. ಆಗ ಬಂಡಿಯಿಂದ ಮೊದಲು ಇಳಿದವಳು ಕಾಕಿ. ಒಂದು ಮಾತಿಲ್ಲ. ಕೂಸನ್ನು ಅವ್ವನ ಕೈಗೆ ಕೊಟ್ಟು ತಾನೇ ಬುತ್ತಿಯ ಗಂಟು ಇಳಿಸಿದಳು. ಆಮೇಲೆ ಬಂಡಿಗೆ ಕೌದಿ ಹಾಸಿದಳು. ಕಾಕಾ ಹಗ್ಗ ಬಿಟ್ಟ.

ಬಂಡಿ ಗುಳೇದಗುಡ್ಡ ರೋಡ್ ಸ್ಟೇಷನ್ನಿಗೆ ಹೋಯಿತು. ಮೀಟರ್ ಗೇಜಿನ ರೈಲು, ಜಾತ್ರೆಯ ಜನ ಕಿಟಕಿಗೆಲ್ಲ ಜೋತುಬಿದ್ದಿದ್ದರಂತೆ. ಆ ರೈಲು ಗದಗಕ್ಕೆ ಹೋಗಬೇಕಾದರೆ ಬದಾಮಿ ದಾಟಿಯೇ ಹೋಗಬೇಕು. ಬದಾಮಿಯಲ್ಲಿ ಎಲ್ಲರೂ "ಶಾಕಂಬರಿ ಉಧೋ" ಅಂತ ಇಳಿದರಂತೆ. ಆಯಿ ಇಳಿಯಲಿಲ್ಲ. "ರೈಲಿನ ಡಬ್ಬಿ ಖಾಲಿ ಆತು ನೋಡು. ಅಲ್ಲೀತನಕ ಮಡಚಿಕೊಂಡು ಕುಂತಿದ್ಲು, ಆಮ್ಯಾಲ ಕಾಲು ಚಾಚಿ ಮಲಗಿಸಿದೆ" ಅಂತ ಮುಂದೆ ಹೇಳುತ್ತಿದ್ದಳು. ಬನಶಂಕರಿ ಬಗ್ಗೆ ಅವತ್ತು ಏನನ್ನಿಸಿತು ಅಂತ ಹೇಳುತ್ತಿರಲಿಲ್ಲ. ಅದೊಂದೇ ಹೇಳುತ್ತಿದ್ದಳು, ಕಾಲು ಚಾಚಲು ಜಾಗ ಸಿಕ್ಕಿತು ಅಂತ.

ಇತ್ತ ಮನೆಯಲ್ಲಿ ಮುತ್ಯಾ ಹಬ್ಬದ ದಿನ ನಿಲ್ಲಿಸಿದ್ದ ಮಗ್ಗಕ್ಕೆ ಇಳಿದು ಕೂತ. ಇಡೀ ಓಣಿ ಸುಮ್ಮನಿದ್ದಾಗ ಒಂದೇ ಮಗ್ಗ ಖಟಕ್ ಖಟಕ್ ಅನ್ನುತ್ತಿತ್ತು. ನಾವು ಮಾದಲಿಯನ್ನು ಮನೆಯಲ್ಲೇ ತಿಂದೆವು. ನಾನು ತೇರು ತಪ್ಪಿತು ಅಂತ ಅತ್ತೆ. ನಾಚಿಕೆಯಾದರೂ ನಿಜ ಹೇಳಬೇಕಲ್ಲ, ಆ ಹೆಂಗಸಿನ ನೆನಪು ನನಗೆ ಬರಲೇ ಇಲ್ಲ.

ಆಯಿ ಮೂರನೇ ದಿನ ಬಂದಳು. ಆಪರೇಷನ್ ಮಾಡಿ ತಾಯಿಯನ್ನು ಉಳಿಸಿದ್ದರು. ಕೂಸು ಉಳಿದಿರಲಿಲ್ಲ. ಕಾಕಾ ಕೇಳಿಸಿಕೊಂಡ, ಬಾಯಿ ಬಿಡಲಿಲ್ಲ. ಮುಂದಿನ ವಾರ ಹೆಂಡತಿ ಮಗನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೆಪ್ಪದ ಹರಕೆ ತೀರಿಸಿ ಬಂದ. ಆಯಿಯನ್ನು ಕರೆಯಲಿಲ್ಲ. ಯುಗಾದಿಯ ಹೊತ್ತಿಗೆ ಅದೇ ಮನೆಯಲ್ಲಿ ಬೇರೆ ಒಲೆ ಹೂಡಿದ. ನಡುವೆ ಒಂದು ಗೋಡೆ ಎದ್ದಿತು. ಕಾಕಿ ಮಾತ್ರ ಹಿತ್ತಲಿನಿಂದ ಬಂದು ಆಯಿಯ ತಲೆಗೆ ಎಣ್ಣೆ ಹಚ್ಚಿ ಹೋಗುತ್ತಿದ್ದಳು.

ಆಗ ಕಾಕಾನ ಮೇಲೆ ನನಗೆ ಬಹಳ ಸಿಟ್ಟಿತ್ತು. ಈಗ ಅಷ್ಟಿಲ್ಲ. ಎರಡು ಸಲ ಮಣ್ಣಿಗೆ ಕೂಸು ಇಟ್ಟು ಬಂದವನು ಮೂರನೆಯದಕ್ಕೆ ದೇವರ ಹತ್ತಿರ ಸಾಲ ಉಳಿಸಿಕೊಳ್ಳಲು ಹೆದರಿದ, ಅಷ್ಟೇ. ಹೆದರಿದವನ ಮಾತು ಜೋರಾಗಿಯೇ ಇರುತ್ತದೆ, ಅಲ್ವಾ?

ಆಯಿ ಹೆರಿಗೆ ಮಾಡಿಸುವುದನ್ನು ಬಿಡಲಿಲ್ಲ. ಐದನೇ ರಾತ್ರಿಯ ಪೂಜೆಯನ್ನೂ ಬಿಡಲಿಲ್ಲ. ಅದು ನನಗೆ ಬಿಡಿಸಲಾಗದ ಗಂಟು. ಕ್ರಿಮಿ ಅಂತ ಗೊತ್ತಾದ ಮೇಲೂ ಹಾಳೆ ಪೆನ್ನು ಯಾಕೆ? ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಜಾಣತನ ಮಾಡಿ ಕೇಳಿಯೇಬಿಟ್ಟೆ. ಆಯಿ ಎಲೆಗೆ ಸುಣ್ಣ ಸವರುತ್ತಿದ್ದಳು. "ಬರಿಯಾಕಿ ಅಕೀನ. ಅದರಾಗೇನೂ ಸುಳ್ಳಿಲ್ಲ. ಆದ್ರ ಅಕಿ ಬರೂದು ಐದಕ್ಕ. ಅಲ್ಲೀತನಕ ಕೂಸು ನನ್ನ ಕೈಯಾಗ ಇರತೈತಿ. ನಾ ಮಾಡಿದ್ದನ್ನ ಅಕೀ ಹೆಸರಿಲೆ ಬರದಿದ್ವಿ ಇಷ್ಟ ದಿನ" ಅಂದಳು. ಎಲೆ ಬಾಯಿಗಿಟ್ಟುಕೊಂಡಳು. ಮುಂದೆ ಮಾತಿಲ್ಲ.

ಆ ವರ್ಷದ ಬೇಸಿಗೆ ರಜೆಯಲ್ಲಿ ಒಂದು ಶುಕ್ರವಾರ ಆಯಿ ನನ್ನೊಬ್ಬಳನ್ನೇ ಕರೆದುಕೊಂಡು ಬನಶಂಕರಿಗೆ ಹೋದಳು. ಜಾತ್ರೆಯಿಲ್ಲ, ಜನವಿಲ್ಲ. ತೇರು ತನ್ನ ಪಾಡಿಗೆ ನಿಂತಿತ್ತು. ಆಯಿ ಹೊಂಡದ ಮೆಟ್ಟಿಲಿಳಿದು ಸೋಪಿಲ್ಲದಿದ್ದರೂ ತರಬೇತಿಯಲ್ಲಿ ಕಲಿಸಿದ ಹಾಗೇ ಕೈ ತೊಳೆದಳು. ಮೊದಲು ಅಂಗೈ, ಆಮೇಲೆ ಬೆರಳ ಸಂದಿ, ಉಗುರು, ಮೊಣಕೈ ತನಕ. ಮತ್ತೆ ಮೊದಲಿಂದ. ಎಷ್ಟು ಸಲವೋ. ನಾನು ಬಿಸಿಲಿಗೆ ಕಾಲು ಎತ್ತೆತ್ತಿ ಇಡುತ್ತಾ ನಿಂತಿದ್ದೆ.

ಗುಡಿಯೊಳಗೆ ಹೋಗುವ ಮೊದಲು ಹಸಿವು ಅಂತ ನಾನು ಹಟ ಹಿಡಿದೆ. ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಪುಂಡಿಪಲ್ಯ, ಕೆನೆಮೊಸರು ಮಾರುವ ಹೆಂಗಸರಿದ್ದರು. ಒಬ್ಬಳ ಎದುರು ಕೂತೆವು. ಅವಳು ಬಡಿಸಲು ಬಗ್ಗಿದಾಗ ಸೊಂಟಕ್ಕೆ ಕೈಕೊಟ್ಟಳು. ಆಯಿ ಮುರಿದ ರೊಟ್ಟಿಯನ್ನು ಎಲೆಯ ಮೇಲೆ ಇಟ್ಟಳು.

"ಎಷ್ಟರಾಗ ಅದಿ ತಂಗಿ?"

"ಎಂಟು ತುಂಬೇತಿ ಆಯಿ."

"ಕಾಲು ಬಾತಾವಲ್ಲ. ಇಲ್ಲಿ ತಾ, ನೋಡೂಣು."

ಒಳಗೆ ಮಂಗಳಾರತಿಯ ಗಂಟೆ ಶುರುವಾಯಿತು. "ಆಯಿ, ಆರತಿ" ಅಂದೆ. "ತಡಿಯ" ಅಂದಳು. ಆ ಹೆಂಗಸಿನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿ, ಕುಳಿ ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ನೋಡುತ್ತಿದ್ದಳು.